ಕಲ್ಲಿನ ಮೇಲೆ ಕಾವು ಕೂತ ಹೇಂಟೆ

"ಒಳಗೆ ಯಾರೂ ಇಲ್ಲದ ಗದ್ದುಗೆಗೆ ಒಂಬತ್ತು ವರ್ಷ ದೀಪ ಹಚ್ಚಿದ್ದೇನೆ. ಆ ದೀಪವೆಲ್ಲ ಎಲ್ಲಿಗೆ ಹೋಯಿತು, ಗುರುಗಳೇ?"

ಶಿಷ್ಯ ಹೀಗೆ ಕೇಳಿದಾಗ ಹೊತ್ತು ಇಳಿಯುತ್ತಿತ್ತು. ಊರ ಹೊರಗಿನ ಗದ್ದುಗೆಯ ಒಂದು ಮೂಲೆ ಕುಸಿದಿತ್ತು. ಅದನ್ನು ಸರಿಪಡಿಸಲು ಹಿಂದಿನ ದಿನ ಚಪ್ಪಡಿ ಎತ್ತಿದ್ದರು. ಯಾವನೋ ಒಬ್ಬ ಸಾಧು ಅಲ್ಲಿ ಸಮಾಧಿಯಾಗಿದ್ದಾನೆಂದು ಜನ ನಂಬಿಕೊಂಡು ಬಂದ ಜಾಗ ಅದು. ಚಪ್ಪಡಿಯ ಕೆಳಗೆ ಗೇಣುದ್ದ ಜಲ್ಲಿ ಇತ್ತು, ಅದರ ಕೆಳಗೆ ಹಾಸುಬಂಡೆ. ಒಬ್ಬ ಮನುಷ್ಯನನ್ನು ಹೂಳುವಷ್ಟು ಜಾಗವೇ ಅಲ್ಲಿರಲಿಲ್ಲ.

ಶಿಷ್ಯನಿಗೆ ಅಳು ಬಂದಿರಲಿಲ್ಲ. ಸಿಟ್ಟೂ ಬಂದಿರಲಿಲ್ಲ. ತಿಳಿಯಬೇಕು ಅನ್ನಿಸಿತ್ತು. ಇವತ್ತು ದೀಪ ಹಚ್ಚಲು ಹೋಗಬೇಕೋ ಬೇಡವೋ ಎಂಬುದು ಅದರ ಮೇಲೆ ನಿಂತಿತ್ತು. ಎಣ್ಣೆಯ ಗಿಂಡಿ ಅವನ ಮಗ್ಗುಲಲ್ಲೇ ಇತ್ತು.

ಗುರು ಗಿಂಡಿಯನ್ನು ನೋಡಿದರು. "ಕೂತುಕೋ" ಎಂದು ಒಂದು ಕಥೆ ಹೇಳತೊಡಗಿದರು.

ಒಂದೂರಿನಲ್ಲಿ ಒಬ್ಬ ಕಲ್ಲುಕುಟಿಗನಿದ್ದ. ಊರಿನ ಅರ್ಧ ಮನೆಗಳ ಗೋಡೆಗೆ ಕಲ್ಲು ಒಡೆದವನು ಅವನೇ. ಅವನ ಅಡಿಗೆಮನೆಗೆ ಮಾತ್ರ ಕಿಟಕಿ ಇರಲಿಲ್ಲ. ಗೋಡೆಯಲ್ಲಿ ಕಂಡಿ ತೆಗೆಯುವುದು ಅವನಿಗೆ ಅರ್ಧ ದಿನದ ಕೆಲಸ. ಆದರೆ ಚೌಕಟ್ಟಿನ ಮರವನ್ನು ಕೊಳ್ಳಬೇಕು, ಕೂಲಿ ಬಂದದ್ದು ಜೋಳಕ್ಕೂ ಬೇಳೆಗೂ ಮುಗಿಯುತ್ತಿತ್ತು. ಹೊಗೆಯಲ್ಲಿ ಕಣ್ಣೊರೆಸಿಕೊಳ್ಳುತ್ತ ರೊಟ್ಟಿ ಬಡಿಯುವವಳು ಅವನ ಹೆಂಡತಿ. ಅವಳಿಗೊಂದು ಹೆಸರಿರಲಿ, ದುರುಗಮ್ಮ. ಕಿಟಕಿ ಬೇಕಾಗಿದ್ದದ್ದು ದುರುಗಮ್ಮನಿಗೆ.

ಅವಳು ಹಿತ್ತಿಲಲ್ಲಿ ನಾಲ್ಕು ಹೇಂಟೆ, ಒಂದು ಹುಂಜ ಸಾಕಿದಳು. ಮೊಟ್ಟೆ ಮಾರಿದ ದುಡ್ಡು ಕಿಟಕಿಗೆ, ಅದನ್ನು ಬೇರೆ ಯಾವುದಕ್ಕೂ ಮುಟ್ಟುವಂತಿಲ್ಲ ಎಂದು ಮೊದಲ ದಿನವೇ ಗಂಡನಿಗೆ ಹೇಳಿದಳು. ಅವನು ಹೂಂ ಎಂದ.

ಹೇಂಟೆಗಳು ಮೊಟ್ಟೆ ಇಟ್ಟವು, ಆದರೆ ಎಲ್ಲೆಂದರಲ್ಲಿ. ಬಣವೆಯ ಸಂದಿಯಲ್ಲಿ ಒಂದು, ಪಕ್ಕದ ಮನೆಯ ಸೌದೆಯ ಅಡಿಯಲ್ಲಿ ಒಂದು. ದುರುಗಮ್ಮ ಹುಡುಕಿಕೊಂಡು ಹೋಗುವಷ್ಟರಲ್ಲಿ ಕಾಗೆ ಹುಡುಕಿ ಮುಗಿಸಿರುತ್ತಿತ್ತು. ಪಕ್ಕದ ಮನೆಯ ಲಕುಮಕ್ಕ ಕೋಳಿ ಸಾಕಿ ಪಳಗಿದವಳು. ಒಂದು ವಾರ ಇದನ್ನು ಬೇಲಿಯಾಚೆಯಿಂದ ನೋಡಿದಳು.

"ಏನೇ ದುರುಗೀ, ಕಾಗೆ ಸಾಕ್ತಿದೀಯೋ ಕೋಳಿ ಸಾಕ್ತಿದೀಯೋ? ಮಂಕರಿಗೆ ಹುಲ್ಲು ಹಾಸಿ ಒಂದು ಮೊಟ್ಟೆ ಅದರಲ್ಲೇ ಬಿಡು. ಮೊಟ್ಟೆ ಕಂಡ ಕಡೆ ಹೇಂಟೆ ಮೊಟ್ಟೆ ಇಡ್ತದೆ."

"ಬಿಟ್ಟ ಮೊಟ್ಟೆ ಸೆಕೆಗೆ ಕೆಟ್ಟುಹೋಗ್ತದಲ್ಲಕ್ಕಾ."

"ಕೆಡದೇ ಇರೋದನ್ನ ಬಿಡು. ಮನೇಲಿ ಕಲ್ಲುಕುಟಿಗನ್ನ ಇಟ್ಕೊಂಡು ನನ್ನ ಕೇಳ್ತಾಳೆ ನೋಡು."

ಗಂಡ ಒಂದು ಕಲ್ಲು ಆರಿಸಿದ. ಉಳಿಯಿಂದ ಮೊಟ್ಟೆಯ ಆಕಾರಕ್ಕೆ ತಿದ್ದಿ, ಮರಳಿನಲ್ಲಿ ಉಜ್ಜಿ, ಸುಣ್ಣ ಬಳಿದು ಹೆಂಡತಿಯ ಅಂಗೈಯಲ್ಲಿಟ್ಟ. ತೂಕವೊಂದು ಇಲ್ಲದಿದ್ದರೆ ದುರುಗಮ್ಮನೂ ಮೋಸಹೋಗುತ್ತಿದ್ದಳು. ಅಷ್ಟು ತಣ್ಣಗಿತ್ತೆಂದು ಅವಳು ಅದನ್ನು ಉರಿಯುತ್ತಿದ್ದ ಕಣ್ಣಿಗೆ ಒಂದು ಗಳಿಗೆ ಒತ್ತಿಕೊಂಡಳು. ಆಮೇಲೆ ಮಂಕರಿಯಲ್ಲಿಟ್ಟಳು.

ಮೂರನೆಯ ದಿನ ಕಲ್ಲಿನ ಪಕ್ಕದಲ್ಲಿ ನಿಜವಾದ ಮೊಟ್ಟೆ ಇತ್ತು. ಕೆಲವೇ ದಿನಗಳಲ್ಲಿ ನಾಲ್ಕು ಹೇಂಟೆಗಳೂ ಅಲ್ಲಿಗೇ ಬರತೊಡಗಿದವು. ದುರುಗಮ್ಮ ಮೊಟ್ಟೆಗಳನ್ನು ತೆಗೆದುಕೊಳ್ಳುವಳು, ಕಲ್ಲನ್ನು ಬಿಡುವಳು. ಮೊಟ್ಟೆ ಬಾಣಂತಿಯರ ಮನೆಗೆ ಹೋಯಿತು, ದೊಡ್ಡ ರಸ್ತೆಯ ಹೋಟೆಲಿಗೆ ಹೋಯಿತು. ಹೋಟೆಲಿನವನು 'ಇಲ್ಲಿ ನಾಟಿ ಮೊಟ್ಟೆ ಸಿಗುತ್ತದೆ' ಎಂದು ಬೋರ್ಡು ಬರೆಸಿದ. ಬಡಗಿ ಒಂದು ಮರದ ತುಂಡು ತೋರಿಸಿ, ದುಡ್ಡು ಕೂಡುವವರೆಗೆ ಇದು ನಿನಗೇ ಇರಲಿ ಎಂದ.

ಅಷ್ಟರಲ್ಲಿ ಬೂದು ಹೇಂಟೆ ಕಾವಿಗೆ ಕೂತಿತು.

ಕಾವಿಗೆ ಕೂತ ಕೋಳಿ ಮೊಟ್ಟೆ ಇಡುವುದಿಲ್ಲ. ಇದು ಉಳಿದವನ್ನೂ ಮಂಕರಿಯ ಹತ್ತಿರ ಬರಗೊಡಲಿಲ್ಲ. ಅವು ಮತ್ತೆ ಬಣವೆಯ ದಾರಿ ಹಿಡಿದವು. ಇಷ್ಟಾಗಿ ಅದರ ಹೊಟ್ಟೆಯಡಿಯಲ್ಲಿ ಇದ್ದದ್ದು ಆ ಕಲ್ಲೊಂದೇ. ಕಾವು ಬಿಡಿಸಲು ದುರುಗಮ್ಮ ಹೇಂಟೆಯನ್ನು ತಣ್ಣೀರಿನಲ್ಲಿ ಅದ್ದಿದಳು. ಎರಡು ದಿನ ಬುಟ್ಟಿ ಕವುಚಿ ಕೂಡಿಹಾಕಿದಳು. ಬಿಟ್ಟ ಕೂಡಲೇ ಅದು ಓಡಿಹೋಗಿ ಕಲ್ಲಿನ ಮೇಲೆ ಕೂತಿತು.

ಅದೇ ಹೊತ್ತಿಗೆ ಲಕುಮಕ್ಕನ ಹೇಂಟೆಯೂ ಹನ್ನೊಂದು ಮೊಟ್ಟೆಗಳ ಮೇಲೆ ಕೂತಿತ್ತು.

"ನನ್ನದು ಮೊಟ್ಟೆ ಮೇಲೆ, ನಿನ್ನದು ಬಂಡೆ ಮೇಲೆ. ಯಾವುದು ಮೊದಲು ಒಡೀತದೋ ನೋಡಾನ" ಎಂದಳು ಲಕುಮಕ್ಕ.

"ಮರಿ ಬಂದರೆ ನನಗೆ ಹೇಳು. ಉಳಿ ಹಿಡಿಯೋದು ಕಲಿಸ್ತೀನಿ" ಎಂದ ಗಂಡ.

ಹೋಟೆಲಿನವನು ಬಂದು ಕೋಳಿಯನ್ನು ನೋಡಿದ. "ಇಡದೇ ಇರೋ ಕೋಳಿಗೆ ಯಾಕಮ್ಮ ಕಾಳು ಹಾಕ್ತೀಯ? ನನಗೆ ಕೊಡು, ಸಾರಿಗಾಗ್ತದೆ" ಎಂದು ಒಂದು ಬೆಲೆ ಹೇಳಿದ. ಚೌಕಟ್ಟಿಗೆ ಇನ್ನೆಷ್ಟು ಬೇಕಾಗಿತ್ತೋ ಅಷ್ಟೇ ಇತ್ತು ಆ ಬೆಲೆ. ದುರುಗಮ್ಮ ಭಾನುವಾರ ಬಾ ಎಂದಳು.

ಭಾನುವಾರ ಬೆಳಗ್ಗೆ ಅದರ ಕಾಲು ಕಟ್ಟಲು ನಾರು ಹಿಡಿದು ಹೋದಳು. ಹೇಂಟೆ ಸೊರಗಿತ್ತು. ಜುಟ್ಟು ಬಿಳಿಚಿಕೊಂಡಿತ್ತು. ಹೊಟ್ಟೆಯಡಿಗೆ ಕೈ ತೂರಿಸಿದಾಗ ಕುಕ್ಕಿತು. ಅವಳ ಕೈಗೆ ಕಲ್ಲು ಸಿಕ್ಕಿತು. ಅದು ಬಿಸಿಯಾಗಿತ್ತು. ಅವಳು ಅದನ್ನು ಹೊರಗೆ ತೆಗೆದು, ಅಂದು ಒತ್ತಿಕೊಂಡಿದ್ದ ಕಣ್ಣಿಗೇ ಮತ್ತೆ ಒತ್ತಿ ನೋಡಿದಳು. ಇಷ್ಟು ದಿನ ಕೂತಿದೆ, ಇನ್ನೆಷ್ಟು ದಿನ ಕೂತೀತು? ಈ ಪ್ರಶ್ನೆ ಒಂದು ಸಲ ತಲೆಗೆ ಹೊಕ್ಕದ್ದು ಮತ್ತೆ ಹೊರಡಲಿಲ್ಲ. ಅವಳು ಕಲ್ಲನ್ನು ಇದ್ದಲ್ಲೇ ಇಟ್ಟು ನಾರನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು.

"ಇನ್ನೊಂದು ವಾರ ಇರಲಿ" ಎಂದಳು ಹೋಟೆಲಿನವನಿಗೆ.

"ಯಾಕೆ, ಏನು ನೋಡಬೇಕು?"

"ಗೊತ್ತಿಲ್ಲ ಕಣಣ್ಣ. ನೋಡಬೇಕು ಅನ್ನಿಸ್ತಿದೆ."

ಅವನು ಮುನಿಸಿಕೊಂಡು ಮೊಟ್ಟೆಯನ್ನೂ ಬೇರೆ ಕಡೆ ಕೊಂಡ. ಬಡಗಿ ಎರಡು ದಿನ ಕಾದು, ಆ ಮರವನ್ನು ಇನ್ಯಾರದೋ ಬಾಗಿಲಿಗೆ ಹಾಕಿಬಿಟ್ಟ. ಗಂಡ ಹೊಗೆಯಲ್ಲಿ ಕೂತು ಉಂಡು ಎದ್ದುಹೋದ. ದುರುಗಮ್ಮನಿಗೆ ತಾನು ಮಾಡಿದ್ದು ಪೆದ್ದು ಕೆಲಸ ಅನ್ನಿಸಿತು. ಆದರೂ ದಿನಕ್ಕೊಮ್ಮೆ ಕೈ ತೂರಿಸಿ ಕಲ್ಲನ್ನು ಮುಟ್ಟಿ ನೋಡುವುದನ್ನು ಬಿಡಲಿಲ್ಲ.

ಗುರುವಾರ ಬೆಳಕು ಹರಿದಾಗ ಪಕ್ಕದ ಹಿತ್ತಿಲಲ್ಲಿ ಕೂಗು ಕೇಳಿತು. ಲಕುಮಕ್ಕನ ಹೇಂಟೆಯನ್ನು ಮುಂಗುಸಿ ಎಳೆದುಕೊಂಡು ಹೋಗಿತ್ತು. ಹದಿನಾಲ್ಕು ದಿನ ಕಾವು ಕೊಟ್ಟ ಮೊಟ್ಟೆಗಳು ಹಾಗೇ ಉಳಿದಿದ್ದವು. ಒಳಗೆ ಮರಿ ಕಟ್ಟಿಕೊಂಡ ಮೇಲೆ ಅವನ್ನು ತಿನ್ನುವಂತಿಲ್ಲ, ಮಾರುವಂತಿಲ್ಲ. ಲಕುಮಕ್ಕ ತನ್ನ ಬೇರೆ ಹೇಂಟೆಗಳನ್ನು ಹಿಡಿದು ತಂದು ಒಂದೊಂದಾಗಿ ಕೂರಿಸಿ ನೋಡಿದಳು. ಮೊಟ್ಟೆ ಇಡುವ ಕೋಳಿಗಳು ಅವು. ಮೈ ಕೊಡವಿ ಎದ್ದುಹೋದವು.

ಅವಳು ಹನ್ನೊಂದು ಮೊಟ್ಟೆಗಳನ್ನೂ ಸೆರಗಿನಲ್ಲಿ ಕಟ್ಟಿಕೊಂಡು, ಬೇಲಿಯ ಮುಳ್ಳು ಲೆಕ್ಕಿಸದೆ ನುಗ್ಗಿ ಬಂದಳು.

"ದುರುಗೀ, ನಿನ್ನ ಹೇಂಟೆ ಹೊಟ್ಟೆ ಇನ್ನೂ ಬಿಸಿ ಇದೆಯೇನೇ?"

ದುರುಗಮ್ಮ ಹೇಂಟೆಯ ರೆಕ್ಕೆ ಎತ್ತಿ ಹಿಡಿದಳು. ಲಕುಮಕ್ಕ ಮೊಟ್ಟೆಗಳನ್ನು ಒಳಗೆ ಸರಿಸಿದಳು. ಹೇಂಟೆ ಒಂದೊಂದನ್ನೂ ಕೊಕ್ಕಿನಿಂದ ತನ್ನತ್ತ ಎಳೆದುಕೊಂಡಿತು. ಕಲ್ಲನ್ನು ತೆಗೆಯಹೋದರೆ ಕುಕ್ಕಿತು. ಅದೂ ಇರಲಿ ಬಿಡು ಎಂದರು ಇಬ್ಬರೂ.

ಏಳು ದಿನ ಕಳೆದು ಚಿಪ್ಪುಗಳು ಬಿರಿದವು. ಹನ್ನೊಂದರಲ್ಲಿ ಎಂಟು ಮರಿಯಾದವು. ಮೊಟ್ಟೆ ಒಬ್ಬರದು, ಕಾವು ಇನ್ನೊಬ್ಬರದು ಆದರೆ ಮರಿಗಳು ಸಮಪಾಲು. ಆ ಕೇರಿಯ ವಾಡಿಕೆ ಹಾಗೆ. ದುರುಗಮ್ಮನಿಗೆ ನಾಲ್ಕು ಬಂದವು. ಅವು ಬೆಳೆದು ಮೊಟ್ಟೆಗೆ ಬಂದ ಮೇಲೆ ಹೋಟೆಲಿನವನು ತಾನೇ ಹುಡುಕಿಕೊಂಡು ಬಂದ. ಕಿಟಕಿ ಒಂದು ಮಳೆಗಾಲ ತಡವಾಗಿ ಬಂತು.

ಗುರು ಅಷ್ಟು ಹೇಳಿ ನಿಲ್ಲಿಸಿದರು.

"ಆ ಕಲ್ಲು ಏನಾಯಿತು?" ಎಂದು ಕೇಳಿದ ಶಿಷ್ಯ.

"ಹೇಂಟೆ ಮರಿಗಳನ್ನು ಕರೆದುಕೊಂಡು ಎದ್ದುಹೋಯಿತು. ಕಲ್ಲು ಮಂಕರಿಯಲ್ಲೇ ತಣ್ಣಗಾಯಿತು."

"ಹಾಗಾದರೆ ಅದು ಕೊನೆಗೂ ಕಲ್ಲೇ. ಹೇಂಟೆ ಮೋಸಹೋದದ್ದು ನಿಜವಲ್ಲವೇ?"

ಗುರು ಎಣ್ಣೆಯ ಗಿಂಡಿಯನ್ನು ಅವನ ಕಡೆಗೆ ಸರಿಸಿದರು.

"ಅಡಿಯಲ್ಲಿದ್ದದ್ದು ಕಲ್ಲೆಂದು ಲಕುಮಕ್ಕನಿಗೂ ಗೊತ್ತಿತ್ತು, ಅವಳು ಕೇಳಿದ್ದು ಹೊಟ್ಟೆ ಬಿಸಿ ಇದೆಯೇ ಎಂದು."

ಶಿಷ್ಯ ಗಿಂಡಿ ಎತ್ತಿಕೊಂಡು ಗದ್ದುಗೆಯ ಕಡೆಗೆ ನಡೆದ.