ಹಮ್ಮು ಅಕ್ಷರ ಕಲಿಸಿದ್ದು

ಪೆದ್ದನ ಕೈಯಲ್ಲಿ ಮಗುವಿಗೆ ಅಕ್ಷರ ಹತ್ತುವುದಿಲ್ಲ ಎಂದು ಆಗ ಸಣ್ಣಕೊಡ್ಲದಲ್ಲಿ ಎಲ್ಲರೂ ನಂಬಿದ್ದರು.

ಸಣ್ಣಕೊಡ್ಲ ಉಪ್ಪು ಬೆಳೆಯುವ ಊರು. ಒಂದು ಕಡೆ ಸಮುದ್ರದ ಹಿನ್ನೀರು, ಇನ್ನೊಂದು ಕಡೆ ಉಪ್ಪಿನ ಗದ್ದೆ, ನಡುವೆ ಮೂವತ್ತು ಮನೆ. ಬೇರೆ ಊರುಗಳಲ್ಲಿ ಮಗುವಿನ ಬೆರಳು ಹಿಡಿದು ಮೊದಲ ಅಕ್ಷರ ಬರೆಸುವುದು ಅಕ್ಕಿಯ ಮೇಲೆ. ಇಲ್ಲಿ ಉಪ್ಪಿನ ಮೇಲೆ. ಹರಡಿ ಬರೆಯುವಷ್ಟು ಅಕ್ಕಿ ಯಾರ ಮನೆಯಲ್ಲೂ ಇರಲಿಲ್ಲ. ಇದಕ್ಕೆ ಬೇರೆ ಶಾಸ್ತ್ರದ ಕಾರಣ ಇದೆ ಎಂದು ಊರ ಪೂಜಾರಿ ಗುನಗ ಹೇಳುತ್ತಿದ್ದ. ಅಕ್ಷರ ಬರೆಸುವ ಶಾಸ್ತ್ರ ಎಲ್ಲರಿಗೂ ಆಗಿತ್ತು. ಓದಲು ಬರುತ್ತಿದ್ದುದು ಮೂವರಿಗೆ: ಉಪ್ಪಿನ ಗದ್ದೆಯ ಮೇಸ್ತ್ರಿಗೆ, ಬಾಲವಾಡಿಯ ಟೀಚರು ಮಾಸ್ತಿಗೆ, ಮತ್ತೆ ಅವಳ ಮಗ ಹಮ್ಮಣ್ಣನಿಗೆ.

ಹಮ್ಮಣ್ಣನಿಗೆ ಮೂವತ್ತು ದಾಟಿತ್ತು. ಊರಿಗೆ ಅವನು ಪೆದ್ದ ಹಮ್ಮು. ಹೇಳಿದ್ದನ್ನು ಹೇಳಿದ ಹಾಗೆ ಮಾಡುತ್ತಿದ್ದ. ಅದೇ ಅವನ ತೊಂದರೆ. ಒಲೆಯ ಮುಂದೆ ಕೂತಿರು ಎಂದರೆ ಅನ್ನ ಸೀದು ಕರಿಯಾದರೂ ಕೂತಿರುತ್ತಿದ್ದ. ಆದರೆ ತಾಯಿ ಹತ್ತು ವರ್ಷ ಪಟ್ಟು ಹಿಡಿದು ಅವನಿಗೆ ಅಕ್ಷರ ಕಲಿಸಿದ್ದಳು. ಅಕ್ಷರವೂ ಬುದ್ಧಿಯೂ ಒಂದೇ ಎಂದು ತಿಳಿದವರು ಲೋಕದಲ್ಲಿ ಬೇಕಾದಷ್ಟಿದ್ದಾರೆ. ಅವರು ಹಮ್ಮುವನ್ನು ನೋಡಿಲ್ಲ.

ಆ ವರ್ಷ ಮಾಸ್ತಿಯ ಹೊಟ್ಟೆಯಲ್ಲಿ ಗಡ್ಡೆ ಬೆಳೆಯಿತು. ಮನೆಗೆ ಕರೆದುಕೊಂಡು ಹೋಗಿ, ಏನು ಬೇಕೋ ತಿನ್ನಿಸಿ ಎಂದರು ಆಸ್ಪತ್ರೆಯವರು. ಅದರ ಅರ್ಥ ಹಮ್ಮು ಒಬ್ಬನನ್ನು ಬಿಟ್ಟು ಎಲ್ಲರಿಗೂ ಆಯಿತು. ಅವನು ದಿನಾ ಬಂಗಡೆ ತಂದು ಹುರಿದು ಕೊಟ್ಟ.

ಅದೇ ಹೊತ್ತಿಗೆ ಕಚೇರಿಯಿಂದ ಸುದ್ದಿ ಬಂತು. ತಿಂಗಳ ಕೊನೆಗೆ ಮೇಲ್ವಿಚಾರಕಿ ಬರುತ್ತಾಳೆ. ಮಕ್ಕಳಿಗೆ ಅಕ್ಷರ ಬಂದಿದ್ದರೆ ಬಾಲವಾಡಿ ಉಳಿಯುತ್ತದೆ. ಇಲ್ಲದಿದ್ದರೆ ಹೊಳೆಯಾಚೆಯ ಊರಿನದಕ್ಕೆ ಸೇರುತ್ತದೆ. ಉಳಿದರೆ ಅಲ್ಲಿನ ಸಹಾಯಕನ ಕೆಲಸ ಹಮ್ಮುವಿಗೆ, ಮಧ್ಯಾಹ್ನ ಮಕ್ಕಳ ಜೊತೆ ಒಂದು ತಟ್ಟೆ ಅನ್ನ. ಮಾಸ್ತಿಗೆ ಬೇಕಾದ್ದು ಆ ತಟ್ಟೆ. ತಾನು ಹೋದ ಮೇಲೆ ಇವನನ್ನು ಕರೆದು ಅನ್ನ ಹಾಕುವವರು ಊರಲ್ಲಿ ಯಾರೂ ಇಲ್ಲ ಎಂದು ಅವಳಿಗೆ ಗೊತ್ತಿತ್ತು. ಊರಿಗೂ ಗೊತ್ತಿತ್ತು.

ಹಾಗಾಗಿ ಹತ್ತು ಮಕ್ಕಳನ್ನು ಹಮ್ಮುವಿನ ಕೈಗೆ ಕೊಟ್ಟಳು. ಚಾಪೆಯ ಮೇಲಿಂದಲೇ ಹೇಳಿದಳು:

"ಹಮ್ಮು, ಮಕ್ಕಳನ್ನು ಕೂರಿಸಬೇಡ. ಕೂತ ಮಗುವಿಗೆ ನಿದ್ದೆ ಬರುತ್ತದೆ, ಅಕ್ಷರ ಬರುವುದಿಲ್ಲ. ಅಂಗಳದಲ್ಲಿ ದೊಡ್ಡದಾಗಿ ಅ ಬರೆ. ಅದರ ಮೇಲೆ ನಡೆಸು. ಒಬ್ಬರ ಕಾಲು ತಪ್ಪಿದರೂ ಎಲ್ಲರನ್ನೂ ಮೊದಲಿನಿಂದ ನಡೆಸು."

"ಹೂಂ, ಆಯಿ," ಎಂದ ಹಮ್ಮು.

ಹೋದ. ಅಂಗಳದ ತುಂಬ ಉಪ್ಪಿನಲ್ಲಿ ಅ ಬರೆದ. ಮಕ್ಕಳು ಸಾಲಾಗಿ ನಡೆದರು. ಒಂಬತ್ತು ಮಕ್ಕಳು ಸರಿ ನಡೆದರು. ಸಾತು ಎಂಬ ಹುಡುಗಿಯ ಕಾಲು ತಿರುವಿನಲ್ಲಿ ತಪ್ಪಿತು. ಎಲ್ಲರೂ ಮೊದಲಿನಿಂದ. ಮತ್ತೆ ತಿರುವು, ಮತ್ತೆ ಸಾತು, ಮತ್ತೆ ಮೊದಲಿನಿಂದ. ಬಿಸಿಲು ನೆತ್ತಿಗೆ ಬಂತು. ಅನ್ನ ಆರಿತು. ಒಡೆದ ಹಿಮ್ಮಡಿಗೆ ಉಪ್ಪು ತಾಗಿ ಮಕ್ಕಳು ಅತ್ತರು, ಅಳುತ್ತಲೇ ನಡೆದರು. ಸಂಜೆ ತಾಯಂದಿರು ಬಂದು ಎತ್ತಿಕೊಂಡು ಹೋದರು. ಅಷ್ಟರಲ್ಲಿ ಸಾತುವಿಗೆ ಸರಿಯಾಗಿ ನಡೆಯಲು ಬಂದಿತ್ತು. ಹಮ್ಮು ಆಗ ತಾನೇ ಎರಡನೆಯ ಅಕ್ಷರ ಆ ಬರೆಯಲು ಶುರು ಮಾಡಿದ್ದ.

ಪಕ್ಕದ ಮನೆಯ ನುಗ್ಲಿ ಬಂದಳು. "ಮಾಸ್ತಕ್ಕ, ನಿನ್ನ ಮಗ ಏನು ಮಾಡಿದ ಗೊತ್ತುಂಟಾ?"

ಮಾಸ್ತಿ ಹಣೆ ಚಚ್ಚಿಕೊಂಡಳು. ಉಪ್ಪಿನಲ್ಲಿ ನಡೆಸುವುದು ಸಾಕು ಎಂದಳು. ಮಕ್ಕಳು ದಿನಾ ನೋಡುವ ಸಾಮಾನಿನ ಮೇಲೆ ಅದರ ಹೆಸರು ಬರೆದು ತೋರಿಸು. ಗಡಿಗೆ ನೋಡಿ ಗಡಿಗೆ ಅಂತ ಓದಲಿ, ಬಾಗಿಲು ನೋಡಿ ಬಾಗಿಲು ಅಂತ ಓದಲಿ. ಆಟದ ಹಾಗೆ ಹುಡುಕಿ ಹುಡುಕಿ ಓದಲಿ. ಏನನ್ನೂ ಬಿಡಬೇಡ.

"ಹೂಂ, ಆಯಿ."

ಏನನ್ನೂ ಬಿಡಲಿಲ್ಲ. ಸುಣ್ಣದ ಡಬ್ಬಿ ಹಿಡಿದು ಮಕ್ಕಳನ್ನು ಹಿಂದೆ ಕಟ್ಟಿಕೊಂಡು ಊರು ಸುತ್ತಿದ. ಗಡಿಗೆಯ ಮೇಲೆ ಗಡಿಗೆ, ಬಾಗಿಲಿನ ಮೇಲೆ ಬಾಗಿಲು, ದೋಣಿಯ ಮೇಲೆ ದೋಣಿ. ದನದ ಹೊಟ್ಟೆಯ ಮೇಲೆ ದನ. ಜಗಲಿಯಲ್ಲಿ ಮಲಗಿದ್ದ ಬುದವಂತಜ್ಜನ ಬರಿ ಎದೆಯ ಮೇಲೆ ಅಜ್ಜ. ಅಜ್ಜನಿಗೆ ಎಚ್ಚರವಾಗಲಿಲ್ಲ, ಎಚ್ಚರವಾದ ಮೇಲೂ ತಿಳಿಯಲಿಲ್ಲ, ಅವನು ಆ ಗುರುತು ಹೊತ್ತುಕೊಂಡೇ ಮೀನು ಕೊಳ್ಳಲು ಹೋಗಿ ಬಂದ. ಕೊನೆಗೆ ಹಮ್ಮು ಊರ ದೇವರ ಗುಡಿಗೆ ಹೋದ. ಒಳಗೆ ನೋಡಿದ. ಕಂಡದ್ದನ್ನು ಬರೆದ: ಕಲ್ಲು.

ಏನು ಬರೆದಿದೆ ಎಂದು ಗುನಗನಿಗೆ ತಿಳಿಯಲಿಲ್ಲ. ಎರಡು ದಿನ ಅದರ ಮೇಲೆಯೇ ಕುಂಕುಮ ಹಚ್ಚಿದ. ಮೂರನೆಯ ದಿನ ಮೇಸ್ತ್ರಿ ಬಂದು ಓದಿ ಹೇಳಿದ.

ನುಗ್ಲಿ ಬಂದಳು. "ಮಾಸ್ತಕ್ಕ, ನಿನ್ನ ಮಗ ಏನು ಮಾಡಿದ ಗೊತ್ತುಂಟಾ?"

ಮಾಸ್ತಿ ಹಣೆಗೆ ಕೈ ಇಟ್ಟುಕೊಂಡಳು. ಚಚ್ಚಿಕೊಳ್ಳುವಷ್ಟು ಶಕ್ತಿ ಇರಲಿಲ್ಲ. ಒರೆಸು ಎಂದಳು. ಬಾಲವಾಡಿಯ ಹೊರಗೆ ಕಂಡ ಅಕ್ಷರವನ್ನೆಲ್ಲ ಒರೆಸಿಕೊಂಡು ಬಾ, ಒಂದೂ ಉಳಿಯಬಾರದು.

"ಹೂಂ, ಆಯಿ."

ಒದ್ದೆ ಬಟ್ಟೆ ಹಿಡಿದು ಹೋದ. ಗಡಿಗೆ ಒರೆಸಿದ, ಬಾಗಿಲು ಒರೆಸಿದ, ದನ ಒರೆಸಿದ, ಅಜ್ಜನನ್ನೂ ಒರೆಸಿದ. ಒಂದೊಂದನ್ನು ಒರೆಸುವ ಮೊದಲು ಮಕ್ಕಳಿಂದ ಓದಿಸಿದ, ಅದನ್ನು ಮಾತ್ರ ಯಾರೂ ಹೇಳಿರಲಿಲ್ಲ. ಕೊನೆಗೆ ಉಪ್ಪಿನ ಗದ್ದೆಯ ಹತ್ತಿರ ಬಂದ. ಅಲ್ಲಿ ತೂಬಿನ ಪಕ್ಕ ಒಂದು ಹಲಗೆ. ನಾಳೆ ಯಾರಿಗೆ ಯಾವ ಗದ್ದೆ ಎಂದು ಮೇಸ್ತ್ರಿ ಪ್ರತಿ ಸಂಜೆ ಅದರ ಮೇಲೆ ಸುಣ್ಣದ ಕಡ್ಡಿಯಲ್ಲಿ ಬರೆಯುತ್ತಿದ್ದ. ತೂಬಿನ ಹತ್ತಿರದ ಗದ್ದೆಯಲ್ಲಿ ಉಪ್ಪು ಬೇಗ ಕಟ್ಟುತ್ತದೆ, ದೂರದ್ದರಲ್ಲಿ ಬೆನ್ನು ಮುರಿಯುತ್ತದೆ; ಅದಕ್ಕೇ ಪಾಳಿ. ಓದಲು ಬಾರದವರೂ ತಮ್ಮ ಹೆಸರಿನ ಆಕಾರ ಗುರುತಿಸಿ ಗದ್ದೆಗೆ ಇಳಿಯುತ್ತಿದ್ದರು. ಹಮ್ಮು ಹಲಗೆಯನ್ನು ಚೆನ್ನಾಗಿ ಒರೆಸಿದ. ಅಂದು ಸಂಜೆ ಮೇಸ್ತ್ರಿ ಬರೆದು ಹೋಗಿ ಇನ್ನೂ ಅರ್ಧ ತಾಸು ಆಗಿರಲಿಲ್ಲ.

ಮರುದಿನ ಮೂವತ್ತು ಮನೆಯವರೂ ತೂಬಿನ ಹತ್ತಿರದ ಗದ್ದೆಗೇ ಇಳಿದರು. ಎರಡು ತಲೆ ಒಡೆದವು.

"ಮಾಸ್ತಕ್ಕ, ನಿನ್ನ ಮಗ ಏನು ಮಾಡಿದ ಗೊತ್ತುಂಟಾ?"

ಮಾಸ್ತಿಯ ಕೈ ಹಣೆಯವರೆಗೆ ಬರಲಿಲ್ಲ, ಎದೆಯ ಮೇಲೇ ಬಿತ್ತು. ಬೇರೆಯವರು ಬರೆದದ್ದನ್ನು ಮುಟ್ಟಲೇಬೇಡ ಎಂದಳು. ಮುಂದೆ ನಿಂತು ಓದಿಸು, ಅಷ್ಟೇ. ಎಲ್ಲಿ ಬರಹ ಕಂಡರೂ ಮಕ್ಕಳನ್ನು ನಿಲ್ಲಿಸು. ಒಂದು ಅಕ್ಷರಕ್ಕೆ ಒಂದು ಚಪ್ಪಾಳೆ, ಒಂದು ನೆಗೆತ. ಮೊದಲು ನೀನು ಹೇಳು, ಆಮೇಲೆ ಅವರು ಹೇಳಲಿ. ಕುಣಿದು ಓದಿದ್ದನ್ನು ಮಗು ಮರೆಯುವುದಿಲ್ಲ.

"ಹೂಂ, ಆಯಿ."

ಆ ವಾರ ಬುದವಂತಜ್ಜ ಸತ್ತ. ಎಂಬತ್ತೆರಡು ವಯಸ್ಸು, ದಮ್ಮು. ಎದೆಯ ಮೇಲೆ ಬರೆದು ಒರೆಸಿದ್ದರಿಂದಲೇ ಸತ್ತ ಎಂದು ನುಗ್ಲಿ ಹೇಳಿದಳು. ಪೇಟೆಯಲ್ಲಿದ್ದ ಅಜ್ಜನ ಮಗ ಒಂದು ಹಲಗೆ ಬರೆಸಿ ತಂದು ಬಾಗಿಲಲ್ಲಿ ನಿಲ್ಲಿಸಿದ: ಮೇಲೆ ಹೆಸರು, ಕೆಳಗೆ ತಾರೀಖು, ಸುತ್ತ ಅಬ್ಬಲಿಗೆ ಹೂವಿನ ಮಾಲೆ. ಊರಲ್ಲಿ ಅಂಥದ್ದು ಅದೇ ಮೊದಲು. ಹೆಂಗಸರು ಅದರ ಮುಂದೆ ಕೂತು ಅಳುತ್ತಿದ್ದರು.

ಹಮ್ಮು ಮಕ್ಕಳನ್ನು ಕರೆತಂದ. ಬು ಎಂದು ಚಪ್ಪಾಳೆ ತಟ್ಟಿ ನೆಗೆದ. ಹತ್ತು ಮಕ್ಕಳು ಚಪ್ಪಾಳೆ ತಟ್ಟಿ ನೆಗೆದರು. ದ ಎಂದ, ನೆಗೆದರು. ವಂ ಎಂದ, ನೆಗೆದರು. ಹೆಸರು ಮುಗಿಯುವಷ್ಟರಲ್ಲಿ ಅಳು ನಿಂತುಹೋಗಿತ್ತು. ತಾರೀಖು ಮುಗಿಯುವಷ್ಟರಲ್ಲಿ ಅಜ್ಜನ ಮಗ ಹಮ್ಮುವಿನ ಕೆನ್ನೆಗೆ ಎರಡು ಬಾರಿಸಿದ್ದ. ಗಿಣಿಗೆ ಕಲಿಸಿದ ಹಾಗೆ ಮಕ್ಕಳಿಗೆ ಕೂಗಲು ಕಲಿಸಿದ್ದಾನೆ, ಅದರಲ್ಲಿ ಅಕ್ಷರ ಎಲ್ಲಿದೆ ಎಂದು ಊರವರು ಹೇಳಿದರು.

"ಮಾಸ್ತಕ್ಕ, ನಿನ್ನ ಮಗ ಏನು ಮಾಡಿದ ಗೊತ್ತುಂಟಾ?"

ಮಾಸ್ತಿಯ ಕೈ ಏಳಲೇ ಇಲ್ಲ. "ಹಮ್ಮು," ಎಂದಳು. "ಹೂವಿನ ಮಾಲೆ ಹಾಕಿ, ಹೆಸರು ತಾರೀಖು ಬರೆದ ಹಲಗೆ ಕಂಡರೆ ಬಾಯಿ ಬಿಡಬಾರದು ಮಗ. ಚಪ್ಪಲಿ ಬಿಚ್ಚಬೇಕು. ತಲೆ ತಗ್ಗಿಸಬೇಕು. ಒಂದು ಹೂವು ಇಟ್ಟು ಸುಮ್ಮನೆ ನಿಲ್ಲಬೇಕು."

"ಹೂಂ, ಆಯಿ."

ಅದಾಗಿ ನಾಲ್ಕನೆಯ ದಿನ ಮೇಲ್ವಿಚಾರಕಿ ಬಂದಳು. ಗಡಿಬಿಡಿಯ ಹೆಂಗಸು, ಹೊಳೆ ದಾಟುವ ದೋಣಿ ಮಧ್ಯಾಹ್ನಕ್ಕೇ ಹೊರಡುತ್ತಿತ್ತು. ಬರುವವಳು ದೊಡ್ಡವಳು ಎಂದು ಊರ ಹೆಂಗಸರು ಬಾಲವಾಡಿಯನ್ನು ಸಾರಿಸಿ, ಕರಿಹಲಗೆಗೆ ಅಬ್ಬಲಿಗೆ ಮಾಲೆ ಹಾಕಿದ್ದರು. ಅಜ್ಜನ ಮನೆಯಲ್ಲಿ ನೋಡಿ ಕಲಿತದ್ದು. ಹಲಗೆ ಎಂದರೆ ಮಾಲೆ ಹಾಕಬೇಕು ಎಂದುಕೊಂಡಿದ್ದರು. ಮೇಲ್ವಿಚಾರಕಿ ಸುಣ್ಣದ ಕಡ್ಡಿ ತೆಗೆದುಕೊಂಡು ಹಲಗೆಯ ಮೇಲೆ ಮೊದಲು ಊರಿನ ಹೆಸರು ಬರೆದಳು. ಅದರ ಕೆಳಗೆ ತಾರೀಖು ಬರೆದಳು.

ಹಮ್ಮು ಮಕ್ಕಳ ಕಡೆ ನೋಡಿದ. ತಾಯಿ ಹೇಳಿದ್ದನ್ನು ಅವರಿಗೂ ಹೇಳಿಕೊಟ್ಟಿದ್ದ.

ಚಪ್ಪಲಿ ಇದ್ದದ್ದು ಇಬ್ಬರಿಗೆ. ಅವರು ಬಿಚ್ಚಿದರು. ಉಳಿದ ಎಂಟು ಮಂದಿ ಇಲ್ಲದ ಚಪ್ಪಲಿ ಬಿಚ್ಚುವವರ ಹಾಗೆ ಕಾಲು ಕೊಡವಿದರು. ಹತ್ತೂ ಜನ ಮಾಲೆಯಿಂದ ಒಂದೊಂದು ಹೂವು ಕಿತ್ತು ಹಲಗೆಯ ಕೆಳಗಿಟ್ಟು, ತಲೆ ತಗ್ಗಿಸಿ ಸಾಲಾಗಿ ನಿಂತರು. ಮೇಲ್ವಿಚಾರಕಿ ಅ ಬರೆದು ಇದೇನು ಎಂದಳು. ಯಾರೂ ಬಾಯಿ ಬಿಡಲಿಲ್ಲ. ಗಡಿಗೆ ಎಂದು ಬರೆದಳು. ಯಾರೂ ಬಿಡಲಿಲ್ಲ. ಪೆಪ್ಪರ್‌ಮೆಂಟು ಕೊಡುತ್ತೇನೆ ಎಂದಳು. ಸಾತುವಿನ ಕಣ್ಣಲ್ಲಿ ನೀರು ಬಂತು, ಬಾಯಿ ತೆರೆಯಲಿಲ್ಲ. ಮೇಲ್ವಿಚಾರಕಿ ತನ್ನ ಪುಸ್ತಕದಲ್ಲಿ ಒಂದು ಸಾಲು ಬರೆದುಕೊಂಡು ದೋಣಿ ಹಿಡಿಯಲು ಹೋದಳು.

ಈ ಸಲ ನುಗ್ಲಿ ಬಂದವಳು ಏನೂ ಕೇಳಲಿಲ್ಲ. ಚಾಪೆಯ ಪಕ್ಕ ಕೂತಳು. ಮಾಸ್ತಿಗೆ ಅಷ್ಟರಲ್ಲೇ ತಿಳಿಯಿತು.

ಆಮೇಲೆ ಮಗನನ್ನು ಹತ್ತಿರ ಕರೆದಳು. ಬೈಯಲಿಲ್ಲ. "ಕಚೇರಿಯವರು ಇನ್ನೊಂದು ಸಲ ಬರಬಹುದು," ಎಂದಳು. "ಬಂದರೆ ಮಕ್ಕಳನ್ನು ಸುಮ್ಮನೆ ನಿಲ್ಲಿಸಬೇಡ. ಅವರು ಏನು ಬರೆದು ತಂದರೂ ಮಕ್ಕಳು ಓದಲಿ. ಚಪ್ಪಾಳೆ ತಟ್ಟಿ ಓದಲಿ, ಕುಣಿದು ಓದಲಿ. ಕೊನೆಯ ಅಕ್ಷರದವರೆಗೆ ಓದಲಿ. ನಾನು ಸತ್ತು ಬಿದ್ದಿದ್ದರೂ ನಿಲ್ಲಿಸಬೇಡ."

"ಹೂಂ, ಆಯಿ," ಎಂದ. ಹೋಗಿ ಮಕ್ಕಳಿಗೂ ಹಾಗೆಯೇ ಹೇಳಿದ.

ಎಂಟು ದಿನ ಕಳೆದು ಮಾಸ್ತಿ ಸತ್ತಳು.

ಬೆಳಿಗ್ಗೆ ಅಂಗಳದಲ್ಲಿ ಚಟ್ಟ ಕಟ್ಟಿದರು. ಹಮ್ಮು ತಲೆಗೆ ನೀರು ಸುರಿದುಕೊಂಡು, ಒದ್ದೆ ಪಂಚೆಯಲ್ಲಿ ಬೆಂಕಿಯ ಮಡಕೆ ಹಿಡಿದು ನಿಂತಿದ್ದ. ತಾಯಂದಿರ ಜೊತೆ ಹತ್ತು ಮಕ್ಕಳೂ ಬಂದಿದ್ದರು. ಮೇಸ್ತ್ರಿ ಕೆಲಸದ ಮೇಲೆ ಪೇಟೆಗೆ ಹೋಗಿದ್ದ. ಆ ಹೊತ್ತಿಗೆ ಕಚೇರಿಯ ಜವಾನ ಬಂದ. ಅಂಗಳಕ್ಕೆ ಎದುರಾಗಿದ್ದ ಬಾಲವಾಡಿಯ ಬಾಗಿಲಿಗೆ ಒಂದು ಕಾಗದ ಅಂಟಿಸಿದ. ಟೀಚರಮ್ಮನ ಸಹಿ ಬೇಕು ಎಂದ. ಯಾರೋ ಚಟ್ಟದ ಕಡೆ ಕೈ ತೋರಿಸಿದರು. ಹಾಗಾದರೆ ಬೇಡ ಎಂದು ಹೊರಟುಹೋದ. ಕಾಗದದಲ್ಲಿ ಏನಿದೆ ಎಂದು ಯಾರಿಗೂ ತಿಳಿಯಲಿಲ್ಲ. ಬಾಲವಾಡಿ ಉಳಿಯಿತೇನೋ ಎಂದಳು ನುಗ್ಲಿ. ಕೆಲಸ ಮಗನಿಗೇ ಆಗಿರಬೇಕು, ಪಾಪ, ಒಂದು ದಿನ ಮೊದಲು ಬಂದಿದ್ದರೆ ತಾಯಿ ಕಣ್ಣಿಂದ ನೋಡುತ್ತಿದ್ದಳು ಎಂದಳು.

ಹಮ್ಮು ಕಾಗದವನ್ನು ನೋಡಿದ. ಬೆಂಕಿಯ ಮಡಕೆಯನ್ನು ನೆಲಕ್ಕಿಟ್ಟ. ಮಕ್ಕಳನ್ನು ಕರೆದು ಬಾಗಿಲಿನ ಮುಂದೆ ನಿಲ್ಲಿಸಿದ. ಒಂದು ಚಪ್ಪಾಳೆ ತಟ್ಟಿ ನೆಗೆದ.

ಹೆತ್ತವಳ ಹೆಣ ಅಂಗಳದಲ್ಲಿರುವಾಗ ಮಗ ಕುಣಿದದ್ದನ್ನು ಸಣ್ಣಕೊಡ್ಲ ಹಿಂದೆ ನೋಡಿರಲಿಲ್ಲ. ಗಂಡಸರು ಓಡಿ ಬಂದರು. ಇಬ್ಬರು ಕೈ ಹಿಡಿದರು. ಹಮ್ಮು ಇನ್ನೂ ಬಾಯಿ ತೆರೆದಿರಲಿಲ್ಲ, ಅಷ್ಟರಲ್ಲೇ ಗುನಗ ಹಿಂದಿನಿಂದ ಬಂದು ಬಾಯಿಯನ್ನು ಬಿಗಿಯಾಗಿ ಮುಚ್ಚಿದ. "ಹಡೆದವಳ ಮುಂದೆ ಕುಣಿತವೇನೋ, ಕತ್ತೆ," ಎಂದ.

ಮಕ್ಕಳು ನಿಲ್ಲಿಸಲಿಲ್ಲ. ನಿಲ್ಲಿಸಬೇಡಿ ಎಂದು ಅವರಿಗೆ ಹೇಳಿಯಾಗಿತ್ತು. ಸಾತು ಮುಂದೆ ನಿಂತಳು. ಒಂದು ಚಪ್ಪಾಳೆ, ಒಂದು ನೆಗೆತ, ಒಂದು ಅಕ್ಷರ. ಒಂದು ಕಡೆ ಒತ್ತಕ್ಷರ ಬಂದು ತಡವರಿಸಿದರು. ಎಲ್ಲರೂ ಮೊದಲಿನಿಂದ ಶುರು ಮಾಡಿದರು. ಈ ಸಲ ದಾಟಿದರು. ಅಂಗಳದಲ್ಲಿ ನಿಂತ ಮೂವತ್ತು ಮನೆಯವರೂ ಆ ಕಾಗದವನ್ನು ಪೂರ್ತಿ ಕೇಳಿದರು:

"ಈ ಊರಿನ ಮಕ್ಕಳಿಗೆ ಒಂದಕ್ಷರವೂ ಬಾರದ ಕಾರಣ ಬಾಲವಾಡಿಯನ್ನು ಇಂದಿನಿಂದ ಮುಚ್ಚಲಾಗಿದೆ."

ಗುನಗನ ಕೈ ಹಮ್ಮುವಿನ ಬಾಯಿಯ ಮೇಲೇ ಇತ್ತು. ಓದಿದ್ದು ಮಕ್ಕಳು.