ರಂಗಿ ಇನ್ನೂ ಉಂಡಿಲ್ಲ

ಬಾಳ ಹಿಂದೆ, ಹೊಳೆಗೆ ಸೇತುವೆ ಕಟ್ಬಹುದು ಅಂತ ಯಾರಿಗೂ ಹೊಳೆಯದೇ ಇದ್ದ ಕಾಲದಲ್ಲಿ, ಕೆಸವಿನಕೊಪ್ಪಲು ಅನ್ನೋ ಒಂದೂರಲ್ಲಿ ಅಂಬಿಗರ ಪುಟ್ಟೀರಮ್ಮ ಅಂತ ಒಬ್ಬಳಿದ್ಲಂತೆ. ಹರಿಗೋಲು ಹಾಕೋಳು. ಅವಳು ಹುಟ್ಟನ್ನ ಒಂದ್ಸಲ ನೀರಿಗೆ ಹಾಕಿ ಎಳೆದ್ರೆ ಹರಿಗೋಲು ಆಚೆ ದಡ ಮುಟ್ಟೋದಂತೆ. ಇನ್ನೊಂದ್ಸಲ ಎಳೆದ್ರೆ ದಡ ಹತ್ತಿ ಸಂತೆಮಾಳದವರೆಗೂ ಹೋಗೋದು ಅಂತಾರೆ. ಅದು ಸ್ವಲ್ಪ ಜಾಸ್ತಿಯಾಯ್ತು. ಸಂತೆಮಾಳಕ್ಕಿಂತ ಈಚೆಗಿರೋ ಹುಣಸೆಮರದವರೆಗೆ ಅಂತ ಇಟ್ಕೊಳ್ಳಿ.

ಅವಳ ಮನೆ ತುಂಬ ನಾಯಿ. ಎಷ್ಟು ಅಂತ ಕೇಳ್ಬೇಡಿ. ನಮ್ಮಜ್ಜ ಒಂದು ಲೆಕ್ಕ ಹೇಳೋನು, ನಮ್ಮಜ್ಜಿ ಇನ್ನೊಂದು ಹೇಳೋಳು, ಅದಕ್ಕೇ ಇಬ್ಬರಿಗೂ ಮಾತು ನಿಂತುಹೋಗಿತ್ತು. ಒಂದು ಮಾತ್ರ ಇಬ್ಬರೂ ಒಪ್ಪೋರು: ಆ ನಾಯಿಗಳು ಒಟ್ಟಿಗೆ ಬಾಲ ಆಡಿಸಿದ್ರೆ ಕಣದಲ್ಲಿ ರಾಗಿ ತೂರೋರು ಗಾಳಿಗೆ ಕಾಯ್ತಾ ಇರಲಿಲ್ಲವಂತೆ.

ಪುಟ್ಟೀರಮ್ಮ ಹರಿಗೋಲು ಹತ್ತಿದ್ರೆ ನಾಯಿಗಳೂ ಹತ್ತೋವಂತೆ. ಹರಿಗೋಲು ಅಂದ್ರೆ ಗುಂಡಗಿರೋ ಬಿದಿರಿನ ಬುಟ್ಟಿ, ಕೆಳಗೆ ಎಮ್ಮೆ ಚರ್ಮ. ಒಂದು ಕಡೆ ಭಾರ ಹೆಚ್ಚಾದ್ರೆ ಕವುಚಿಕೊಳ್ತದೆ. ಅದಕ್ಕೇ ಒಂದೊಂದು ನಾಯಿಗೂ ಒಂದೊಂದು ಜಾಗ. ಮುದಿ ಕರಿನಾಯಿ ರಂಗಿ ಅವಳ ಕಾಲ ಹತ್ರ. ರಂಗಿ ಕೂತ ಮೇಲೇ ಮಿಕ್ಕವು ಕೂರೋವಂತೆ, ರಂಗಿ ತಿಂದ ಮೇಲೇ ಮಿಕ್ಕವು ಬಾಯಿ ಹಾಕೋವಂತೆ.

ಇಂಥ ಮನೇಲಿ ಒಂದು ವರ್ಷ ಒಂದು ಎಡವಟ್ಟಾಯ್ತು. ಎಲ್ಲಿಂದಲೋ ಒಂದು ಮಚ್ಚೆನಾಯಿ ಬಂತು. ಪುಟ್ಟೀರಮ್ಮನ ಮನೆ ಪದ್ಧತಿ ಏನಪ್ಪಾ ಅಂದ್ರೆ, ಹೊಸಲು ದಾಟಿ ಬಂದೋರಿಗೆ ಮೊದಲು ಇಕ್ಕಬೇಕು, ಮನೆಯೋರು ಆಮೇಲೆ ಉಣ್ಣಬೇಕು. ಹಂಗೇ ಆ ಮಚ್ಚೆನಾಯಿಗೆ ಮೊದಲ ಮುದ್ದೆ ಇಕ್ಕಿದ್ಲು. ರಂಗಿ ಒಂದ್ಸಲ ಒಲೆ ಕಡೆ ನೋಡಿ, ಎದ್ದು ಹೋಯ್ತಂತೆ.

ಮಾರನೇ ದಿನ ಊರ ಯಜಮಾನ ಸಣ್ಣೇಗೌಡರ ಮನೆ ಮದುವೆ ದಿಬ್ಬಣ ಹರಿಗೋಲು ಹತ್ತಿತು. ನಡುಹೊಳೇಲಿ ನಾಯಿಗಳು ಮಚ್ಚೆನಾಯಿ ಮೇಲೆ ಬಿದ್ದು ಹಿಂದಿನ ದಿನದ ಲೆಕ್ಕ ತೀರಿಸಿದ್ವು ನೋಡಿ! ಹರಿಗೋಲು ಬುಗುರಿ ಥರ ತಿರುಗಿ ತಿರುಗಿ ಕವುಚಿಕೊಳ್ತು. ಯಾರೂ ಸಾಯಲಿಲ್ಲ. ಆ ನಾಯಿಗಳೇ ಒಬ್ಬೊಬ್ಬರ ಕತ್ತುಪಟ್ಟಿ ಹಿಡಿದು ದಡಕ್ಕೆ ಎಳೆದು ಹಾಕಿದ್ವು, ವಾಲಗದೋರನ್ನ ಅವರವರ ವಾಲಗದ ಸಮೇತ. ಆದ್ರೆ ಗೌಡರ ಜರತಾರಿ ರುಮಾಲು ತೇಲಿಕೊಂಡು ಹೋಗಿ ಸಮುದ್ರ ಸೇರ್ತಂತೆ. ಮಚ್ಚೆನಾಯಿ ದಡ ಮುಟ್ಟಿದ್ದೇ ಓಡಿದ್ದು, ಇವತ್ತಿಗೂ ನಿಂತಿಲ್ಲ ಅಂತಾರೆ.

ಗೌಡ್ರು ಒದ್ದೆ ತಲೇಲೇ ಹೇಳಿದ್ರಂತೆ: "ನೋಡು ಪುಟ್ಟೀರಮ್ಮ, ಇರೋವು ಇರಲಿ. ಇನ್ನೊಂದು ನಾಯಿ ತಂದು ಇಂಥದ್ದೇನಾದ್ರೂ ಆದ್ರೆ ಈ ಹೊಳೇಲಿ ನೀನು ಹರಿಗೋಲು ಹಾಕಂಗಿಲ್ಲ."

ಪುಟ್ಟೀರಮ್ಮ ಸರಿ ಅಂದ್ಲು. ಹರಿಗೋಲು ಬಿಟ್ರೆ ಅವಳಿಗೆ ಬೇರೆ ಕೆಲಸ ಗೊತ್ತಿರಲಿಲ್ಲ. ನೆಲದ ಮೇಲೆ ನಡೆದ್ರೇನೇ ಅವಳಿಗೆ ತಲೆ ಸುತ್ತೋದಂತೆ.

ಇಷ್ಟಾದ ಮೇಲೆ ಒಂದು ಬೇಸಿಗೇಲಿ ಆಚೆ ದಡದಲ್ಲಿ ಒಂದು ಹಳದಿನಾಯಿ ಬಂದು ಕೂತ್ಕೊಳ್ತು. ಬೊಗಳೋದಿಲ್ಲ, ಹತ್ರ ಬರೋದಿಲ್ಲ. ಪುಟ್ಟೀರಮ್ಮನ್ನೇ ನೋಡ್ತದೆ. ಅವಳು ಈಚೆ ಬಂದ್ರೂ ನೋಡ್ತದೆ. ಮುಂಗಾರಿನ ಹೊಸನೀರು ಬಂದ್ರೆ ಆ ದಡ ಮುಳುಗ್ತದೆ, ಅದು ಕೊಚ್ಚಿಕೊಂಡು ಹೋಗ್ತದೆ ಅಂತ ಅವಳಿಗೆ ಗೊತ್ತು.

ಅವಳ ಗಂಡ ಮಾದಯ್ಯ ಹರಿಗೋಲು ಹೆಣೆಯೋನು. ಅವನಿಗೆ ಹೆಂಡತಿ ಮುಖ ನೋಡಿದ್ರೇ ಗೊತ್ತಾಗೋಯ್ತು.

"ಬೇಡ ಕಣೇ. ಇರೋವಕ್ಕೇ ಮುದ್ದೆ ತಿರುವಿ ತಿರುವಿ ನನ್ನ ರಟ್ಟೆ ಬಿದ್ದೋಗದೆ."

"ನಾನೇನಂದೆ ಈಗ?"

"ಅನ್ನಲಿಲ್ಲ. ಅದಕ್ಕೇ ನಂಗೆ ಭಯ."

"ಹೋದ್ಸಲ ತಪ್ಪು ನಾಯೀದಲ್ಲ, ಮುದ್ದೇದು. ಬಂದಿದ್ದು ನೆಂಟ ಅಂದ್ಕೊಂಡೆ. ಇರೋಕೆ ಬಂದಿರೋನು ನೆಂಟ ಹೆಂಗಾಗ್ತಾನೆ? ಮನೆಗೆ ಕಿರಿಯ. ಕಿರಿಯನಿಗೆ ಕೊನೇಲಿ ಇಕ್ಬೇಕು."

ಅವಳು ಸೀದಾ ಗೌಡರ ಜಗುಲಿಗೇ ಹೋದ್ಲಂತೆ. "ಗೌಡ್ರೇ, ಹೊಳೆ ನಡುವೆ ಮರಳುತಿಟ್ಟು ಅದೆ. ಅದು ನನ್ನ ನಾಯಿಗಳದ್ದೂ ಅಲ್ಲ, ಆ ಹಳದೀದೂ ಅಲ್ಲ. ಅಲ್ಲಿ ಎಲ್ಲವನ್ನೂ ಒಟ್ಟಿಗೆ ಇಳಿಸ್ತೀನಿ. ನನ್ನವು ಒಪ್ಪಿದ್ರೆ ತರ್ತೀನಿ. ಒಂದೇ ಒಂದು ಹಲ್ಲು ಕಿರಿದ್ರೂ ಹುಟ್ಟು ತಂದು ನಿಮ್ಮ ಕೈಗೆ ಕೊಡ್ತೀನಿ" ಅಂದ್ಲಂತೆ. ಗೌಡ್ರು ಒಪ್ಪಿದ್ರು. ಹೊಸ ರುಮಾಲನ್ನ ಎರಡು ಕೈಲೂ ಹಿಡ್ಕೊಂಡು ಮಾದಯ್ಯನ ಹರಿಗೋಲಲ್ಲಿ ಕೂತ್ರು.

ಪುಟ್ಟೀರಮ್ಮ ತನ್ನ ನಾಯಿಗಳನ್ನ ಈಚೆಯಿಂದ ತಂದ್ಲು. ಮಾದಯ್ಯ ಹಳದಿಯನ್ನ ಆಚೆಯಿಂದ ತಂದ. "ಇದು ನಾಯೀನೇನೇ, ಇಲ್ಲ ಯಾರೋ ಹಿಂಡಿ ಬಿಸಾಕಿದ ಕಂಬಳೀನಾ?" ಅಂದ. ಎರಡು ಹರಿಗೋಲೂ ಒಂದೇ ಗಳಿಗೇಲಿ ತಿಟ್ಟು ಮುಟ್ಟಿದ್ವು. ಗೌಡ್ರು ಇಳಿಯಲೇ ಇಲ್ಲ.

ಹಳದಿ ನಡುಗ್ತಾ ಇತ್ತು. ಪುಟ್ಟೀರಮ್ಮ ಅದರ ಬೆನ್ನ ಮೇಲೆ ಕೈಯಿಟ್ಟು ಪಕ್ಕದಲ್ಲಿ ಕೂತ್ಲು. ಅಲ್ಲಿಂದಲೇ ಮೊದಲ ಮುದ್ದೆಯನ್ನ ರಂಗಿ ಮುಂದಕ್ಕೆ ಉರುಳಿಸಿದ್ಲು.

ರಂಗಿ ಮುದ್ದೆ ಮೂಸಲಿಲ್ಲ. ರಂಗಿ ತಿನ್ನದೇ ಯಾವುದೂ ತಿನ್ನಲಿಲ್ಲ. ಮುದ್ದೆ ಆರಿಹೋಯ್ತು. ಒಂದು ಕೆಂಚನಾಯಿಯ ಮೇಲ್ದುಟಿ ಅದುರೋಕೆ ಶುರುವಾಯ್ತು. ಹೊಳೆ ಹರಿಯೋದು ನಿಲ್ಲಿಸಿ ನೋಡ್ತಾ ಇತ್ತು ಅಂತಾರೆ, ಮೀನುಗಳು ತಲೆ ಎತ್ತಿದ್ವು ಅಂತಾರೆ.

"ಪುಟ್ಟೀರಮ್ಮ, ಹುಟ್ಟು ಈ ಕಡೆ ತತ್ತಾ" ಅಂದ್ರು ಗೌಡ್ರು.

"ತಡೀರಿ ಗೌಡ್ರೇ."

ಅವಳು ರಂಗಿ ಮುಖ ನೋಡಿದ್ಲು. ರಂಗಿ ಮುದ್ದೆ ನೋಡ್ತಿಲ್ಲ, ಹಳದೀನೂ ನೋಡ್ತಿಲ್ಲ. ಪುಟ್ಟೀರಮ್ಮನ ಕೈ ನೋಡ್ತಾ ಅದೆ. ಆ ಕೈ ಎಲ್ಲಿದೆ? ಹೊಸನಾಯಿ ಬೆನ್ನ ಮೇಲೆ. ಮುದ್ದೆ ಹಿರಿಯಳಿಗೆ ಕೊಟ್ಟು ಕೈ ಕಿರಿಯನಿಗೆ ಕೊಟ್ಟಿದ್ಲು ಇವಳು!

"ಅಯ್ಯೋ ನನ್ನ ತಲೆಗೆ ಮಣ್ಣು ಹಾಕ" ಅಂದು ಎದ್ದು, ಹೋಗಿ ರಂಗಿ ಪಕ್ಕೆಗೆ ಪಕ್ಕೆ ತಾಗಿಸಿ ಕೂತ್ಲಂತೆ. ರಂಗಿ ಒಂದು ದೊಡ್ಡ ಉಸಿರು ಬಿಡ್ತು. ಆ ಉಸಿರಿಗೆ ಗೌಡರ ರುಮಾಲು ಅಲ್ಲಾಡ್ತು. ಆಮೇಲೆ ತಲೆ ಬಗ್ಗಿಸಿ ಮುದ್ದೆಗೆ ಬಾಯಿ ಹಾಕ್ತು. ಅದರ ಹಿಂದೆ ಕೆಂಚ, ಅದರ ಹಿಂದೆ ಮಿಕ್ಕವು. ಎಲ್ಲ ಆದ ಮೇಲೆ ರಂಗಿ ಒಂದು ತುಂಡು ಬಿಟ್ಟು ಹಿಂದಕ್ಕೆ ಸರೀತು. ಹಳದಿ ಹೊಟ್ಟೆ ನೆಲಕ್ಕೆ ಹಚ್ಚಿ ತೆವಳಿಕೊಂಡು ಬಂದು ಆ ತುಂಡು ತಿಂತು. ಹಲ್ಲು ಯಾವುದೂ ಕಿರೀಲಿಲ್ಲ.

"ಗೌಡ್ರೇ, ಹುಟ್ಟು?" ಅಂದ್ಲು ಪುಟ್ಟೀರಮ್ಮ.

"ನೀನೇ ಇಟ್ಕೊಳವ್ವ. ನಂಗೆಲ್ಲಿ ಬರ್ತದೆ ಅದು ಹಾಕೋಕೆ" ಅಂದ್ರಂತೆ.

ವಾಪಸ್ ಬರೋವಾಗ ಹರಿಗೋಲಲ್ಲಿ ರಂಗಿ ಒಂಚೂರು ಸರಿದು ಹಳದಿಗೆ ಜಾಗ ಬಿಡ್ತಂತೆ. ಆವತ್ತಿಂದ ತುಂಬಿದ ತಂಬಿಗೆ ಇಟ್ರೂ ತುಳುಕದ ಹಂಗೆ ಹೋಗೋದಂತೆ ಹರಿಗೋಲು. ಆ ಮುಂಗಾರಲ್ಲಿ ಹಳದಿನಾಯಿ ಹೊಳೆಗುಂಟ ಈಜಿ ಸಮುದ್ರಕ್ಕೆ ಹೋಗಿ ಗೌಡರ ಹಳೇ ರುಮಾಲು ತಂದುಕೊಡ್ತು. ಅದೂ ಒಗೆದು, ಮಡಿಸಿ. ಯಾಕ್ರಪ್ಪಾ ನಗ್ತೀರಿ? ನಂಬದೋರು ಹೋಗಿ ಸಮುದ್ರದಲ್ಲಿ ಹುಡುಕಿ, ಅಲ್ಲಿದೆಯಾ ರುಮಾಲು?

ಈಗ ಸೇತುವೆ ಬಂದದೆ. ಆ ತಿಟ್ಟಿಗೆ ನಾಯಿತಿಟ್ಟು ಅಂತಲೇ ಹೆಸರು. ಕೊಪ್ಪಲಿನೋರು ನಾಯಿ ಇರೋ ಮನೆಗೆ ಇನ್ನೊಂದು ನಾಯಿ ತರೋದಾದ್ರೆ ಇವತ್ತಿಗೂ ಮೊದಲು ಎರಡನ್ನೂ ಅಲ್ಲಿಗೆ ಕರ್ಕೊಂಡು ಹೋಗ್ತಾರೆ, ಹಳೇದರ ಪಕ್ಕ ಕೂತು ಹಳೇದಕ್ಕೆ ಮೊದಲು ಇಕ್ತಾರೆ. ನಾಯಿ ಒಂದೇ ಅಲ್ಲ. ಮನೇಲಿ ಎರಡನೇ ಕೂಸು ಹುಟ್ಟಿದ್ರೆ ನೋಡೋಕೆ ಹೋದೋರು ಯಾರೂ ಸೀದಾ ತೊಟ್ಟಿಲ ಹತ್ರ ಹೋಗೋದಿಲ್ಲ. ದೊಡ್ಡ ಮಗುವನ್ನ ತೊಡೆ ಮೇಲೆ ಕೂರಿಸ್ಕೊಂಡು, ಬಾಯಿಗೆ ಬೆಲ್ಲದ ಚೂರು ಇಡ್ತಾರೆ. ಪರ ಊರಿನೋರು ಯಾರಾದ್ರೂ ಗೊತ್ತಿಲ್ಲದೇ ತೊಟ್ಟಿಲಿಗೆ ಕೈ ಹಾಕೋಕೆ ಹೋದ್ರೆ, ಒಳಗಿಂದ ಯಾರೋ ಒಬ್ಬ ಅಜ್ಜಿ ಕೂಗ್ತಾಳೆ:

"ತಡಿಯವ್ವ, ರಂಗಿ ಇನ್ನೂ ಉಂಡಿಲ್ಲ."