ನೆನೆಯುತ್ತಾ ಹೋದ ನಿಂಗರಾಜ

ನಿಂಗರಾಜನ ಕತೆ ಕೇಳಿ ನಗು ಬಂದರೆ ನಗಿ. ಅವನ ಮುಂದೆ ಮಾತ್ರ ‘ನಕ್ಕು ನಕ್ಕು ಸತ್ತೆ’ ಅನ್ನಬೇಡಿ. ಚಟ್ಟಕ್ಕೆ ಬಿದಿರು ಹೊತ್ತು ತಂದಾನು.

ಅವನ ತಾಯಿ ದ್ಯಾವಮ್ಮ ಮನೆಯ ಕಂಪ್ಯೂಟರಿನಲ್ಲಿ ಲಗ್ನಪತ್ರಿಕೆ ಮಾಡಿಕೊಡುವಾಕೆ. ಪಕ್ಕದ ಮನೆಯ ಸುಗುಣಳಿಗೆ ಕಾದೂ ಕಾದೂ ಗಂಡು ಗೊತ್ತಾಗಿತ್ತು. ಪತ್ರಿಕೆ ನಾಳೆ ಮಧ್ಯಾಹ್ನದೊಳಗೆ ಪ್ರೆಸ್ಸಿಗೆ ಹೋಗಬೇಕು; ತಪ್ಪಿದರೆ ಪ್ರೆಸ್ಸಿನವನು ಹಬ್ಬಕ್ಕೆಂದು ಬೀಗ ಹಾಕಿ ಊರಿಗೆ ಹೋಗುತ್ತಾನೆ. ಅಂಥ ಹೊತ್ತಿನಲ್ಲೇ ಕಂಪ್ಯೂಟರು ತೆವಳತೊಡಗಿತು.

“ಬೇಡದ ಕಿಟಕಿಯೆಲ್ಲ ತೆರೆದವೆ, ಅದಕ್ಕೇ ಭಾರ. ಹಾಲು ತರೋದ್ರೊಳಗೆ ಮುಚ್ಚಿರು ಮಗ,” ಅಂದಳು.

ಬಂದು ನೋಡಿದರೆ ಮನೆಯೆಲ್ಲ ಕತ್ತಲು. ಒಳಗೆ ಮಗ ಬೆವರುತ್ತಾ ಕೂತಿದ್ದಾನೆ.

“ಮುಚ್ಚಿದೆ ಕಣವ್ವ. ಬಚ್ಚಲಿಂದೂ ಮುಚ್ಚಿದೆ.”

“ಪೆದ್ದ ಮುಂಡೇದೆ, ಮನೇದಲ್ಲ, ಕಂಪ್ಯೂಟರಿಂದು! ಇನ್ಮೇಲೆ ನಾನೇನು ಹೇಳಿದ್ರೂ ಕಂಪ್ಯೂಟರಿಗೇ ಮಾಡು.”

“ಹೂಂ ಕಣವ್ವ.”

ರಿಪೇರಿಯ ರಿಯಾಜ್ ಬಂದ. “ಅಮ್ಮ, ಇದರ ಮೆಮೊರಿ, ಅಂದ್ರೆ ನೆನಪು, ಅಡುಗೆ ಕಟ್ಟೆ ಇದ್ದಂಗೆ, ಚಿಕ್ಕದು. ಹಿಡಿಸದೆ ಉಳಿದದ್ದು ಡಿಸ್ಕಿಗೆ ಹೋಗ್ತದೆ. ಅದು ವರ್ಚುವಲ್ ಮೆಮೊರಿ, ಅಟ್ಟ ಇದ್ದಂಗೆ. ಹತ್ತಿ ಇಳಿಯೋದ್ರಲ್ಲೇ ಹೊತ್ತು ಹೋಗ್ತದೆ. ಎರಡೂ ಸರಿದೂಗಬೇಕು. ಈ ಹೊಸ ಮೆಮೊರಿ ಪಟ್ಟಿ ಇಲ್ಲೇ ಇರಲಿ, ಸ್ಕ್ರೂಡ್ರೈವರ್ ಮರೆತು ಬಂದಿದೀನಿ. ಬೆಳಿಗ್ಗೆ ಬಂದು ಹಾಕ್ತೀನಿ,” ಅಂದು ಹೋದ.

ಅಡುಗೆಮನೆಯಲ್ಲಿ ಹಬ್ಬದ ಪಾತ್ರೆ ರಾಶಿ. “ಕಟ್ಟೆ ತುಂಬೋಯ್ತು, ಅಟ್ಟಕ್ಕೆ ಹಾಕೋ,” ಅಂದಳು ದ್ಯಾವಮ್ಮ. ಮಗ ಕಂಪ್ಯೂಟರನ್ನು ಅಟ್ಟಕ್ಕೆ ಹಾಕಿದ.

“ಪಾತ್ರೆ ಕಣೋ ಹೇಳಿದ್ದು! ಎಲ್ಲಾನೂ ಅಟ್ಟಕ್ಕೆ ಹಾಕ್ತಾರಾ? ಕಟ್ಟೆಗೂ ಅಟ್ಟಕ್ಕೂ ಸರಿದೂಗಿಸಬೇಕು.”

“ಹೂಂ ಕಣವ್ವ,” ಅಂದವನು ಕೀಬೋರ್ಡನ್ನು ಕೆಳಗಿಳಿಸಿದ, ಪರದೆಯನ್ನು ಮೇಲೆಯೇ ಬಿಟ್ಟ. ಬೈದು ಬೈದು ಸಾಕಾಗಿ ದ್ಯಾವಮ್ಮ ಕೆಳಗೆ ಕೂತು ಟೈಪು ಮಾಡಿದಳು. ಮಗ ಮೇಲಿನಿಂದ ನೋಡಿ ಹೇಳಿದ.

“ವಧು ಬಂದಳೇನೋ?”

“ಬಂದಳವ್ವ.”

“ವರ?”

“ಇನ್ನೂ ಬಂದಿಲ್ಲ.”

“ಈಗ?”

“ಇಲ್ಲವ್ವ. ವಧು ಒಬ್ಬಳೇ ಕೂತವಳೆ.”

ತಾನೇ ನೋಡೋಣವೆಂದು ಏಣಿ ಹತ್ತಿದಳು, ಇಳಿಯುವಾಗ ಜಾರಿ ಕಾಲು ಉಳುಕಿಸಿಕೊಂಡಳು. “ಸಾಕು ಮಾರಾಯ, ಎಲ್ಲ ಇಳಿಸು. ಬೆಳಿಗ್ಗೆಗೆ ಆ ಪಟ್ಟಿಯಿಂದ ನೆನಪು ಎರಡರಷ್ಟಾದ್ರೆ ನಾನು ಗೆದ್ದೆ,” ಅಂದು ನರಳುತ್ತಾ ಮಲಗಿದಳು.

ಬೆಳಿಗ್ಗೆ ರಿಯಾಜ್ ಪಟ್ಟಿ ಕೇಳಿದ. ನಿಂಗರಾಜ ಉದ್ದಿನಬೇಳೆಯ ಪಾತ್ರೆ ತಂದಿಟ್ಟ.

“ನೆನೆಹಾಕಿದೀನಿ. ಬೇಳೆ ಎರಡರಷ್ಟು ಆಗ್ಬಿಟ್ಟದೆ. ಈ ಪಟ್ಟಿ ಮಾತ್ರ ಯಾಕೋ ಊದೇ ಇಲ್ಲ.”

ರಿಯಾಜ್ ಪಟ್ಟಿ ಒಣಗಿಸಲು ಅಂಗಡಿಗೆ ಓಡಿದ. ಬಿಸಿಲು ಏರುತ್ತಿತ್ತು. ಪ್ರೆಸ್ಸಿನವನು ಫೋನು ಎತ್ತಲಿಲ್ಲ. ಎದ್ದು ಹೋಗೋಣವೆಂದರೆ ದ್ಯಾವಮ್ಮನಿಗೆ ಕಾಲು ಊರಲಾಗದು. ಚೀಟಿ ಬರೆದುಕೊಟ್ಟರೆ ಮಗ ಅದನ್ನೂ ನೆನೆಹಾಕುತ್ತಾನೆ. ಪಾಪ, ಅವಳಿಗೆ ಅಳುವೇ ಬಂತು.

“ಕೇಳೋ ಮಗನೆ. ವಧು ಸುಗುಣ, ವರ ಹಾಲಪ್ಪ, ಹುಣ್ಣಿಮೆ ಸೋಮವಾರ, ಕಲ್ಲುಛತ್ರ. ಇಷ್ಟನ್ನ ಪ್ರೆಸ್ಸಿನವರಿಗೆ ಹೇಳು. ದಾರೀಲಿ ಮರೆತುಬಿಟ್ಟೀಯ, ನೆನೀತಾ ಹೋಗು.”

“ಹೂಂ ಕಣವ್ವ.”

ಹೊರಗೆ ಬಂದು ಆಕಾಶ ನೋಡಿದ. ಒಂದು ಮೋಡವೂ ಇಲ್ಲ. ಒಂದು ಕೈಲಿ ಬಕೆಟ್ಟು, ಇನ್ನೊಂದು ಕೈಲಿ ಚೊಂಬು ಹಿಡಿದು ಹೊರಟ. ‘ಸುಗುಣ’ ಅಂದ, ತಲೆಗೆ ಒಂದು ಚೊಂಬು. ‘ಹಾಲಪ್ಪ’ ಅಂದ, ಇನ್ನೊಂದು ಚೊಂಬು. ನೀರು ಮುಗಿದರೆ ಬೀದಿ ನಲ್ಲಿಯಲ್ಲಿ ತುಂಬಿಕೊಂಡ. ಪೇಟೆಯವರೆಲ್ಲ ಬಾಗಿಲಿಗೆ ಬಂದು ನೋಡಿದರು.

ಪ್ರೆಸ್ಸಿನವನು ಬೀಗ ಕೈಗೆತ್ತಿಕೊಂಡಿದ್ದ. ನಿಂಗರಾಜ ಎಲ್ಲವನ್ನೂ ಹೇಳಿದ, ಒಂದಕ್ಷರ ತಪ್ಪಲಿಲ್ಲ. ಪತ್ರಿಕೆ ಅಚ್ಚಾಯಿತು. ಸುಗುಣಳ ಪಕ್ಕದಲ್ಲಿ ಹಾಲಪ್ಪ ಅಚ್ಚುಕಟ್ಟಾಗಿ ಬಂದು ಕೂತ.

“ಎಲ್ಲ ಸರಿ ಕಣಪ್ಪ, ನೀನ್ಯಾಕೆ ಹಿಂಗೆ ತೊಯ್ದು ತೊಪ್ಪೆ ಆಗಿದೀಯ?” ಅಂದ ಪ್ರೆಸ್ಸಿನವನು.

“ನೆನೀದೆ ಬಂದ್ರೆ ಮರ್ತೋಗ್ತದಂತೆ, ನಮ್ಮವ್ವ ಹೇಳವ್ಳೆ,” ಅಂದ ನಿಂಗರಾಜ. “ಮದುವೆಗೆ ನೀವೂ ಬರಬೇಕು ಯಜಮಾನ್ರೆ, ಮರೀಬೇಡಿ.”

ಹಾಗೆಂದವನೇ ಬಕೆಟ್ಟಿನಲ್ಲಿ ಉಳಿದಿದ್ದಷ್ಟನ್ನೂ ಅವನ ತಲೆ ಮೇಲೆ ಸುರಿದ.